ಕೋಳಿಯಕ್ಕನ ಮನೆಯ ಐದು ಬಡ್ಜಿಗಳು

ಕೋಳಿಯಕ್ಕನ ಕೈ ದೊಡ್ಡದು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಅವಳ ಬದುಕಿನ ಮುಕ್ಕಾಲು ಪಾಲು ನಡೆದದ್ದು ಆ ಕೈಯಿಂದಲೇ. ಮಾರುಕಟ್ಟೆಯ ಹಿಂದಿನ ಸಾಲಿನಲ್ಲಿ ಅವಳದೊಂದು ಕೋಳಿ ಅಂಗಡಿ. ಬೆಳಿಗ್ಗೆ ವ್ಯಾನಿನಿಂದ ಕ್ರೇಟುಗಳು ಇಳಿದರೆ, ಸಂಜೆ ನೆಲಕ್ಕೆ ನೀರು ಹೊಡೆದು ಬಾಗಿಲೆಳೆಯುವ ತನಕ ಒಂದೇ ಕೆಲಸ: ರೆಕ್ಕೆ ಹಿಡಿದು ಎತ್ತು, ಕತ್ತು ಕೊಯ್ಯಿ, ತಗಡಿನ ಕೊಳವೆಯಲ್ಲಿ ತಲೆಕೆಳಗಾಗಿ ತುರುಕು, ಒದ್ದಾಟ ನಿಂತ ಮೇಲೆ ಬಿಸಿನೀರಿಗೆ ಅದ್ದು. ಗಿರಾಕಿ ಚೀಲ ಬಿಡಿಸುವುದರೊಳಗೆ ಕೋಳಿ ತುಂಡಾಗಿ ಕಾದಿರುತ್ತಿತ್ತು. ಅವಳಿಗೆ ಕೋಳಿಯ ಮೇಲೆ ದ್ವೇಷವೂ ಇರಲಿಲ್ಲ, ಕರುಣೆಯೂ ಇರಲಿಲ್ಲ.

ಮನುಷ್ಯರ ಮೇಲೆ ಮಾತ್ರ ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಮಾತು ಮುಗಿಯುವ ಮೊದಲೇ ಕೈ ಮುಗಿಸಿಬಿಡುತ್ತಿತ್ತು. ತಕ್ಕಡಿ ಸರಿಯಿಲ್ಲ ಎಂದು ಗೊಣಗಿದ ಗಿರಾಕಿಯೊಬ್ಬನ ಮುಖಕ್ಕೆ ಅವಳು ಇಡೀ ಕೋಳಿಯನ್ನೇ ಬೀಸಿ ಹೊಡೆದಿದ್ದಳು. ಅವನ ಮುಂದಿನ ಹಲ್ಲು ಮುರಿದು ಕಸದ ಬುಟ್ಟಿಯಲ್ಲಿ ಕಾಲು, ಉಗುರುಗಳ ಜೊತೆ ಸೇರಿಹೋಯಿತು. ತೂಗಿ ನೋಡು ಈಗ, ಸರಿ ಇದೆಯಾ ಎಂದು ಕೇಳಿದಳಂತೆ. ಇಡೀ ಮಾರುಕಟ್ಟೆ ಆ ಮಾತನ್ನು ವರ್ಷಗಟ್ಟಲೆ ಹೇಳಿಕೊಂಡು ನಕ್ಕಿತು. ಹಲ್ಲು ಕಳೆದುಕೊಂಡವನೊಬ್ಬ ನಗಲಿಲ್ಲ, ಅವನ ಕಡೆಯಿಂದ ಯಾರೂ ಕತೆ ಕೇಳಲೂ ಇಲ್ಲ.

ಈ ಹೊಡೆಯುವ ವಿದ್ಯೆ ಅವಳಿಗೆ ಬಂದದ್ದು ಅಪ್ಪನಿಂದ. ಅಪ್ಪ ಕುಡಿದು ಬಂದರೆ ಸೊಂಟದ ಬೆಲ್ಟು ಕಳಚುತ್ತಿದ್ದ, ಕುಡಿಯದೆ ಬಂದರೆ ಬೆಲ್ಟೂ ಬೇಕಿರಲಿಲ್ಲ. ಅಮ್ಮ ಅದರಲ್ಲೇ ಸವೆದು ಹೋದಳು. ಅಮ್ಮನ ನಂತರ ಅವನ ಕಣ್ಣು ಮೂಲೆಯಲ್ಲಿ ಮುದುಡಿ ಕೂತಿದ್ದ ಚಿಕ್ಕವಳ ಮೇಲೆ ಬಿತ್ತು. ಆ ದಿನ ಶಾಲೆಯ ಯೂನಿಫಾರಂ ಕೂಡ ಬಿಚ್ಚದೆ ನಿಂತಿದ್ದ ದೊಡ್ಡ ಮಗಳು ಮರದ ಸ್ಟೂಲು ಎತ್ತಿ ಅಪ್ಪನ ಮಣಿಕಟ್ಟಿಗೆ ಇಳಿಸಿದಳು. ಮೂಳೆ ಮುರಿದ ಸದ್ದಿಗೆ ಮನೆಯಲ್ಲಿ ಮೊದಲ ಸಲ ಶಾಂತಿ ನೆಲೆಸಿತು. ತಂಗಿಯ ಮೈಮೇಲೆ ಅಪ್ಪನ ಒಂದೇಟೂ ಬೀಳಲಿಲ್ಲ, ತಂಗಿ ಯಾರಿಗೂ ಒಂದೇಟು ಕೊಡಲಿಲ್ಲ. ತನ್ನ ಜೀವಮಾನದ ಸಂಪಾದನೆ ಎಂದು ಕೋಳಿಯಕ್ಕ ಹೇಳಿಕೊಳ್ಳುತ್ತಿದ್ದದ್ದು ಇದೊಂದನ್ನೇ.

ತಂಗಿ ಬೇರೆಯೇ ಮಣ್ಣು. ಉಡುಪಿನ ಕಾರ್ಖಾನೆಯಲ್ಲಿ ಕಾಲರು ಹೊಲಿಯುವ ಕೆಲಸ, ಮಾತು ಕಡಿಮೆ, ಇರುವೆ ತುಳಿದರೂ ಕಾಲು ಎತ್ತಿ ನೋಡುವ ಜಾತಿ. ಅವಳೇ ಒಂದು ದಿನ ಹಕ್ಕಿ ಅಂಗಡಿಯಿಂದ ಒಂದು ಜೊತೆ ಬಡ್ಜಿ ತಂದಳು. ಬೀದಿಯವರೆಲ್ಲ ಲವ್ ಬರ್ಡ್ಸ್ ಎನ್ನುವ, ಗುಬ್ಬಿಗಿಂತ ಸ್ವಲ್ಪ ದೊಡ್ಡ ಗಿಣಿಗಳು. "ಇದನ್ನ ಕೊಯ್ದರೆ ಒಂದು ತುತ್ತಿಗೂ ಆಗಲ್ವಲ್ಲೇ," ಎಂದು ಕೋಳಿಯಕ್ಕ ನಕ್ಕಳು. ನಕ್ಕವಳೇ ಮರುದಿನ ಮಾರುಕಟ್ಟೆಯಿಂದ ನವಣೆ ತಂದಳು. ಎರಡು ಐದಾದವು. ನೀಲಿಯದೊಂದು ತಂಗಿ ಇಸ್ತ್ರಿ ಮಾಡುವಾಗ ಅವಳ ಹೆಗಲ ಮೇಲೆ ಕೂತು ಕಿವಿಯ ಓಲೆ ಕುಕ್ಕುತ್ತಿತ್ತು. ಸಂಜೆ ಕೈ ಎಷ್ಟು ತೊಳೆದರೂ ಹೋಗದ ರಕ್ತದ ವಾಸನೆ ಹೊತ್ತು ಬರುವ ಕೋಳಿಯಕ್ಕ ಪಂಜರದ ಹತ್ತಿರ ಮಾತ್ರ ಹೋಗುತ್ತಿರಲಿಲ್ಲ. ದೂರದಲ್ಲಿ ಕೂತು ನೋಡುತ್ತಿದ್ದಳು. ತಂಗಿ ನಗುವುದು ಆ ಪಂಜರದ ಮುಂದೆ ಮಾತ್ರ ಎಂಬುದು ಅವಳಿಗೆ ಗೊತ್ತಿತ್ತು.

ಹಲ್ಲು ಮುರಿದ ಗಲಾಟೆ ಪೊಲೀಸ್ ಠಾಣೆಯವರೆಗೆ ಹೋಗಿ ಬಂದ ದಿನ ತಂಗಿ ಪಂಜರದ ಪಕ್ಕ ನಿಂತು, ಮುಖ ನೋಡದೆ, ಒಂದು ಮಾತು ಹೇಳಿದ್ದಳು.

"ಅಕ್ಕ, ಇನ್ನೊಂದ್ಸಲ ಯಾರ ಮೇಲಾದ್ರೂ ಕೈ ಎತ್ತಿದ್ರೆ ನಾನು ಇವುಗಳನ್ನ ಕಟ್ಕೊಂಡು ಹೊರಟುಹೋಗ್ತೀನಿ. ನಿನ್ನ ಬೈಯಲ್ಲ, ಅಳಲ್ಲ. ಹೋಗ್ತೀನಿ ಅಷ್ಟೇ."

ಕೋಳಿಯಕ್ಕ ಹೂಂ ಅಂದಳು. ಅಂದಮೇಲೆ ಕೈ ಕಟ್ಟಿಕೊಂಡೇ ಬದುಕಿದಳು, ಅದು ಅವಳಿಗೆ ಹೊಟ್ಟೆ ಕಟ್ಟಿಕೊಂಡು ಬದುಕುವುದಕ್ಕಿಂತ ಕಷ್ಟವಾಯಿತು. ಅದರಲ್ಲೂ ಕೆಳಗಿನ ಮನೆಯಲ್ಲಿ ಗಡಿಯಾರದವನಿದ್ದ.

ಗಡಿಯಾರದವನು ಮನೆಯಲ್ಲೇ ಕೂತು ಕೈಗಡಿಯಾರ ರಿಪೇರಿ ಮಾಡುವ ಒಂಟಿ ಮುದುಕ. ಬೆಳಕಿಗಾಗಿ ಮೇಜನ್ನು ಬಾಲ್ಕನಿಗೆ ಎಳೆದುಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು ಕೂದಲಿನಷ್ಟು ತೆಳು ಸ್ಪ್ರಿಂಗು ಕೂರಿಸುತ್ತಿರುತ್ತಾನೆ. ಅಷ್ಟರಲ್ಲಿ ಮೇಲಿನ ಮನೆಯ ಬಾಲ್ಕನಿ ಬಾಗಿಲ ಬಳಿಯ ಪಂಜರದಿಂದ ಬಡ್ಜಿಗಳು ಬಿಡಿಸಿದ ನವಣೆಯ ಹೊಟ್ಟು ಗಾಳಿಯಲ್ಲಿ ತೇಲಿ ಬಂದು ಬಿಚ್ಚಿಟ್ಟ ಗಡಿಯಾರದೊಳಗೆ ಇಳಿಯುತ್ತದೆ. ನ್ಯಾಯವಾಗಿ ನೋಡಿದರೆ ಅವನ ಸಿಟ್ಟು ಸಿಟ್ಟೇ. ಆದರೆ ಅವನ ನಾಲಿಗೆಯೂ ಸಣ್ಣದಾಗಿರಲಿಲ್ಲ.

ಅವತ್ತು ಅಂಗಡಿಗೆ ವಾರದ ರಜೆ. ತಂಗಿ ಕೆಲಸಕ್ಕೆ ಹೋಗಿದ್ದಳು. ಹೋಗುವ ಮೊದಲು ನವಣೆ ತೊಳೆದು ಮೇಲಿನ ತಾರಸಿಯಲ್ಲಿ ಬಟ್ಟೆಯ ಮೇಲೆ ಹರಡಿದ್ದಳು. ಒಣಗಿದ ಮೇಲೆ ಕೋಳಿಯಕ್ಕ ಹೋಗಿ ಬಾಚಿ ತಂದಳು. ತರುವಾಗ ಗಡಿಯಾರದವನು ಅಲ್ಲೇ ತನ್ನ ಒದ್ದೆ ಅಂಗಿ ಕೊಡವಿ ಹರವುತ್ತಿದ್ದ. ಅವಳು ಮೂತಿ ತಿರುವಿದಳು, ಅವನೂ ತಿರುವಿದ. ಕೆಳಗೆ ಬಂದು ಪಂಜರದ ಬಟ್ಟಲಿಗೆ ಕಾಳು ಸುರಿದು, ಊಟಕ್ಕೆ ಒಂದಿಷ್ಟು ಈಲಿ, ಅಂದರೆ ಕೋಳಿಯ ಲಿವರ್, ಹುರಿಯೋಣವೆಂದು ಒಲೆ ಹಚ್ಚಿದಳು.

ಅವಳ ಹಳೆಯ ಕಬ್ಬಿಣದ ಕಾವಲಿಯನ್ನು ತಂಗಿ ತುಕ್ಕು ಹಿಡಿದಿದೆ ಎಂದು ಎಸೆದು ಹೊಸ ನಾನ್‌ಸ್ಟಿಕ್ ತವಾ ತಂದಿದ್ದಳು. ಕೋಳಿಯಕ್ಕನಿಗೆ ಅಡುಗೆಯಲ್ಲಿ ಗೊತ್ತಿದ್ದ ಶಾಸ್ತ್ರ ಒಂದೇ: ಕಾವಲಿ ಖಾಲಿಯಿದ್ದಾಗಲೇ ದೊಡ್ಡ ಉರಿಯಲ್ಲಿ ಹೊಗೆಯಾಡುವಂತೆ ಕಾಯಬೇಕು, ಆಮೇಲೆ ಮಾಂಸ ಬೀಳಬೇಕು. ಕಬ್ಬಿಣಕ್ಕೆ ಸರಿಯಾದ ಶಾಸ್ತ್ರವೇ ಅದು. ಹೊಸ ತವಾಕ್ಕೂ ಅದನ್ನೇ ನಡೆಸಿದಳು. ಉರಿ ಏರಿಸಿದಳು, ಈಲಿ ತೊಳೆಯಲು ತಿರುಗಿದಳು, ಅಷ್ಟರಲ್ಲಿ ಕೆಳಗಿನಿಂದ ಕೂಗು ಬಂತು.

"ಏನಮ್ಮಾ, ನಿಮ್ಮ ಮನೆ ಕಸಕ್ಕೆ ನನ್ನ ಮೇಜೇ ಬೇಕಾ? ಬನ್ನಿ, ಬಂದು ನೋಡಿ, ಗಡಿಯಾರ ತುಂಬ ಹೊಟ್ಟು!"

ಕೋಳಿಯಕ್ಕ ಬಾಲ್ಕನಿಗೆ ಬಂದಳು. "ಯಜಮಾನ್ರೇ, ಮೇಜು ಒಳಗೆ ಎಳ್ಕೊಳ್ಳಿ. ಗಾಳಿಗೆ ನಾನು ಬೀಗ ಹಾಕೋಕಾಗುತ್ತಾ?"

"ಗಾಳಿಗೆ ಬೇಡ, ಹಕ್ಕಿಗೆ ಹಾಕಿ."

"ನಿಮ್ಮ ಬಾಯಿಗೆ ಹಾಕಿದ್ರೆ ಬಿಲ್ಡಿಂಗೇ ನೆಮ್ಮದಿಯಾಗಿರುತ್ತೆ."

ಮಾತಿಗೆ ಮಾತು ಬೆಳೆಯಿತು. ಮೇಲಿನವಳು ಕಟಕಟೆಗೆ ಬಗ್ಗಿ, ಕೆಳಗಿನವನು ಕತ್ತು ಮೇಲೆತ್ತಿ, ಇಬ್ಬರೂ ಹಳೆಯ ಬಾಕಿಯನ್ನೆಲ್ಲ ಎಳೆದು ತಂದರು. ನೀರಿನ ಮೋಟಾರು, ಮೆಟ್ಟಿಲ ಮೇಲಿನ ಚಪ್ಪಲಿ, ಯಾವುದನ್ನೂ ಬಿಡಲಿಲ್ಲ. ಕೊನೆಗೆ ಮುದುಕ ಕೈಯಲ್ಲಿದ್ದ ಚಿಮಟ ಅಲ್ಲಾಡಿಸುತ್ತ ಕಿರುಚಿದ: "ಇನ್ನೊಂದು ಸಲ ಬೀಳ್ಲಿ, ಅವುಗಳ ಕತ್ತು ತಿರುಚಿ ಬಿಸಾಡ್ತೀನಿ ನೋಡ್ತಿರಿ!"

ಕೋಳಿಯಕ್ಕನ ಎಡಗೈ ಕಟಕಟೆಯನ್ನು ಹಿಡಿದ ಬಿಗಿಗೆ ಬೆರಳು ಬೆಳ್ಳಗಾಯಿತು. ತಂಗಿಗೆ ಕೊಟ್ಟ ಮಾತು ನೆನಪಾಗಿ ಒಳಗೆ ಬಂದುಬಿಟ್ಟಳು. ಅಷ್ಟು ಮಾಡಿದ್ದಕ್ಕೆ ಅವಳನ್ನು ಮೆಚ್ಚಬೇಕು, ಮುಂದಿನದಕ್ಕೆ ಮೆಚ್ಚುವಂಥದ್ದೇನೂ ಇಲ್ಲ.

ಅಡುಗೆಮನೆಯಲ್ಲಿ ತವಾ ಸುಮ್ಮನೆ ಉರಿಯ ಮೇಲಿತ್ತು. ಹೊಗೆ ತೆಳ್ಳಗೆ ಏಳುತ್ತಿತ್ತು, ಪ್ಲಾಸ್ಟಿಕ್ ಸುಟ್ಟಂತೆ ಒಂದು ಚುರುಕು ವಾಸನೆ. ಒಲೆ ಆರಿಸಿ ತವಾವನ್ನು ಸಿಂಕಿಗೆ ಎಸೆದಳು. ಆಗ ಪಕ್ಕದ ಕೋಣೆಯಲ್ಲಿ ಪಟ್ ಎಂದು ಏನೋ ಬಿತ್ತು. ಮತ್ತೊಮ್ಮೆ ಪಟ್ ಎಂದಿತು.

ಹಳದಿಯದೂ ಹಸಿರಿನದೂ ಪಂಜರದ ತಳದಲ್ಲಿ ಅಂಗಾತ ಬಿದ್ದಿದ್ದವು. ಬೆಳಿಗ್ಗೆ ಕಿವಿ ತೂತಾಗುವಂತೆ ಕಿಚಪಿಚ ಎನ್ನುತ್ತಿದ್ದ ಹಕ್ಕಿಗಳು. ಉಳಿದ ಮೂರು ಕೊಂಬೆಗೆ ಅಂಟಿ ಕೂತು, ಕೊಕ್ಕು ತೆರೆದು, ಬಾಲ ಮೇಲೆ ಕೆಳಗೆ ಆಡಿಸುತ್ತ ಉಸಿರಿಗೆ ಒದ್ದಾಡುತ್ತಿದ್ದವು. ಅವಳ ಕಣ್ಣೆದುರೇ ಬಿಳಿಯದು ಓಲಾಡಿ, ಒಂದು ರೆಕ್ಕೆ ಬಿಚ್ಚಿ, ಕೆಳಗುರುಳಿತು.

ಬಟ್ಟಲಲ್ಲಿ ತಾರಸಿಯಿಂದ ತಂದ ನವಣೆ. ತಾರಸಿಯಲ್ಲಿ ಮುದುಕ. ಈಗಷ್ಟೇ ಅವನ ಬಾಯಿಂದ ಬಂದ ಮಾತು. ಕೋಳಿಯಕ್ಕನ ತಲೆಯಲ್ಲಿ ಇವು ಮೂರೂ ಕೂಡಿಕೊಳ್ಳಲು ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ. ಇಟ್ಟ, ವಿಷ ಇಟ್ಟ ಮುದಿ ನಾಯಿ. ಬಟ್ಟಲನ್ನು ಕಿತ್ತು ಗೋಡೆಗೆ ಎಸೆದಳು. ಇನ್ನೂ ಏನಾದರೂ ಒಳಗೆ ಹಾಕಿಯಾನು ಎಂದು ಬಾಲ್ಕನಿಯ ಬಾಗಿಲು ಎಳೆದು ಚಿಲಕ ಹಾಕಿದಳು, ಕಿಟಕಿ ಮುಚ್ಚಿದಳು, ಬಾಗಿಲಿಗೆ ಅಡ್ಡ ಕೊಡುವ ಕಬ್ಬಿಣದ ಸರಳು ಕೈಗೆತ್ತಿಕೊಂಡಳು. ಕತ್ತಿ ಅಲ್ಲೇ ಪಕ್ಕದಲ್ಲಿತ್ತು, ಅದನ್ನು ಮುಟ್ಟಲಿಲ್ಲ. ಕತ್ತಿ ಅನ್ನ ಕೊಡುವ ವಸ್ತು, ಅದನ್ನು ಇಂಥವನ ಮೇಲೆ ಹಾಳು ಮಾಡುವುದೇಕೆ ಎನಿಸಿತು. ಹೊರಗಿನಿಂದ ಬೀಗ ಜಡಿದು ಮೆಟ್ಟಿಲಿಳಿದಳು.

ಮುದುಕ ಕಣ್ಣಿನ ಗಾಜನ್ನು ತೆಗೆಯದೆಯೇ ಬಾಗಿಲು ತೆರೆದ. ಮೊದಲ ಏಟಿಗೆ ಆ ಗಾಜು ಹಾರಿತು. ಎರಡನೆಯದಕ್ಕೆ ಮೇಜು ಮಗುಚಿ ಗಾಲಿ, ತಿರುಪು, ಮುಳ್ಳುಗಳು ನೆಲದ ತುಂಬ ಚೆಲ್ಲಿಹೋದವು. ಅವನು ಬಿದ್ದ. ಬಿದ್ದವನ ಅಂಗಿಯ ಕತ್ತು ಹಿಡಿದು ಗೋಡೆಗೆ ಒತ್ತಿದಳು.

"ಏನೋ ಬೆರೆಸಿದೆ ಕಾಳಿಗೆ? ಹೇಳೋ!"

"ಯಾವ ಕಾಳು ತಾಯಿ? ಏನು ಬೆರೆಸಿದೆ ನಾನು?"

"ಈ ಕೈಯಲ್ಲೇ ತಾನೇ?"

ಅವನು ಬಿಡಿಸಿಕೊಂಡು ಬಲಗೈ ನೆಲಕ್ಕೂರಿ ಏಳಲು ನೋಡಿದ. ಸರಳು ಆ ಕೈಯ ಮೇಲೆ ಇಳಿಯಿತು. ಬೆರಳ ಮೂಳೆ ಮುರಿಯುವ ಸದ್ದು ಹೇಗಿರುತ್ತದೆ ಎಂದು ಕೋಳಿಯಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇನ್ನೊಮ್ಮೆ ಇಳಿಸಿದಳು. ಮುದುಕ ಕೂಗಿದ ಕೂಗಿಗೆ ಬಿಲ್ಡಿಂಗಿನ ಬಾಗಿಲುಗಳೆಲ್ಲ ತೆರೆದವು. ನಾಲ್ಕಾರು ಜನ ಬಂದು ಅವಳನ್ನು ಹಿಂದಕ್ಕೆಳೆದರು. ಎಳೆದವರಿಗೂ ಮೊಣಕೈ ತಾಗಿತು. ಆ ನೂಕಾಟದಲ್ಲಿ, ಬೈಗುಳದಲ್ಲಿ, ಇವನು ವಿಷ ಹಾಕಿದ ಎಂದು ಎಲ್ಲರಿಗೂ ಕೂಗಿ ಹೇಳುವುದರಲ್ಲಿ ಎಷ್ಟು ಹೊತ್ತು ಹೋಯಿತೋ ಅವಳಿಗೆ ತಿಳಿಯಲಿಲ್ಲ. ಮುದುಕನ ಕೈಗೆ ಟವೆಲ್ ಸುತ್ತಿ ಆಟೋ ಹತ್ತಿಸಿದರು. ಟವೆಲ್ ಆಗಲೇ ಕೆಂಪಾಗಿತ್ತು.

ಮೇಲೆ ಬಂದು ಬೀಗ ತೆಗೆದಾಗ ಕೋಣೆಯ ಗಾಳಿ ಗಂಟಲಿಗೆ ಹತ್ತಿತು. ನಾಲ್ಕು ಬಿದ್ದಿದ್ದವು. ನೀಲಿಯದೊಂದು ಪಂಜರದ ಮೂಲೆಯಲ್ಲಿ ಸರಳಿಗೆ ಕೊಕ್ಕು ಸಿಕ್ಕಿಸಿಕೊಂಡು ಇನ್ನೂ ನಿಂತಿತ್ತು. ಕೋಳಿಯಕ್ಕ ಬಡ್ಜಿಯನ್ನು ಕೈಗೆತ್ತಿಕೊಂಡದ್ದು ಅದೇ ಮೊದಲು. ಅಂಗೈಯಲ್ಲಿ ಅದು ಒಂದು ಗುಟುಕು ನೀರಿನಷ್ಟೂ ಭಾರವಿರಲಿಲ್ಲ. "ಹೋಗ್ಬೇಡ ಕಣೋ, ಅವಳು ಬರೋವರೆಗಾದ್ರೂ ಇರೋ," ಎಂದು ಗೋಗರೆದಳು. ಜೀವ ಹೋಗುವ ಗಳಿಗೆ ಕೈಗೆ ಹೇಗೆ ತಿಳಿಯುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಆ ಮಾರುಕಟ್ಟೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಗಳಿಗೆ ಬಂತು. ಅವಳು ಮುಷ್ಟಿ ಬಿಚ್ಚದೆ ಬಹಳ ಹೊತ್ತು ಕೂತಳು.

ಪೊಲೀಸರು ಬಂದೇ ಬರುತ್ತಾರೆ, ಸಾಕ್ಷಿ ಬೇಕು ಎನಿಸಿತು. ವಿಷ ತಿಂದ ಕೋಳಿಯ ಹೊಟ್ಟೆ ಅವಳು ನೋಡಿದ್ದಳು: ಗಂಟಲ ಚೀಲ ಊದಿ, ಕಾಳು ಕೊಳೆತು ನಾರುತ್ತದೆ, ಕರುಳು ಸುಟ್ಟಂತಿರುತ್ತದೆ. ಹಸಿರು ಹಕ್ಕಿಯನ್ನು ಹಲಗೆಯ ಮೇಲಿಟ್ಟು ಸಣ್ಣ ಚೂರಿಯಿಂದ ಎದೆ ಸೀಳಿದಳು.

ಗಂಟಲ ಚೀಲದಲ್ಲಿ ತಾರಸಿಯಿಂದ ತಂದು ಸುರಿದ ನವಣೆ ಹೊಂಬಣ್ಣ ಮಾಸದೆ ಹಾಗೇ ಇತ್ತು. ಕರುಳು ಚೊಕ್ಕಟವಾಗಿತ್ತು. ಅವಳು ಬೆನ್ನಿನ ಕಡೆ, ಪಕ್ಕೆಲುಬಿಗೆ ಅಂಟಿದ ಶ್ವಾಸಕೋಶವನ್ನು ಚೂರಿಯ ತುದಿಯಿಂದ ಎಬ್ಬಿಸಿದಳು. ಗುಲಾಬಿಯಾಗಿರಬೇಕಾದದ್ದು ಕಪ್ಪುಗೆಂಪಾಗಿ, ರಕ್ತ ಕುಡಿದು ಊದಿತ್ತು. ಇಂಥದ್ದನ್ನು ಅವಳು ಒಮ್ಮೆ ಕಂಡಿದ್ದಳು. ಮುಚ್ಚಿದ ವ್ಯಾನಿನೊಳಗೆ ಇಂಜಿನ್ನಿನ ಹೊಗೆ ನುಗ್ಗಿ ಒಂದು ಲೋಡು ಕೋಳಿ ಸತ್ತು ಬಂದಾಗ. ಅವು ಸತ್ತದ್ದು ತಿಂದು ಅಲ್ಲ, ಉಸಿರಾಡಿ.

ಅಂಗಡಿಯ ತಪಾಸಣೆಗೆ ಬರುವ ಪಶುವೈದ್ಯೆಗೆ ಫೋನು ಮಾಡಿದಳು. ಫೋನಿನ ಮೇಲೆಲ್ಲ ರಕ್ತದ ಬೆರಳಚ್ಚು.

"ಡಾಕ್ಟ್ರಮ್ಮ, ಬಡ್ಜಿ ಐದೂ ಹೋದ್ವು. ಕಾಳು ಚೆನ್ನಾಗಿದೆ. ಶ್ವಾಸಕೋಶ ಕಪ್ಪಾಗಿದೆ."

"ಮನೇಲಿ ಏನಾದ್ರೂ ಹೊಗೆ? ಸೊಳ್ಳೆ ಮದ್ದು, ಪೇಂಟು?"

"ಏನಿಲ್ಲ. ಒಲೆ ಮೇಲೆ ಖಾಲಿ ತವಾ ಕಾದಿತ್ತು, ಅಷ್ಟೇ."

"ಎಂಥ ತವಾ ರೀ? ನಾನ್‌ಸ್ಟಿಕ್ಕಾ?"

ಕೋಳಿಯಕ್ಕ ಸಿಂಕಿನ ಕಡೆ ನೋಡಿದಳು. "ಹೂಂ," ಎಂದಳು.

"ಅದೇ ಮತ್ತೆ," ಎಂದಳು ವೈದ್ಯೆ. "ಅದಕ್ಕೆ ಬಳಿದಿರೋ ಪದರ ಖಾಲಿ ಇದ್ದಾಗ ಅತಿಯಾಗಿ ಕಾದ್ರೆ ವಿಷದ ಗಾಳಿ ಬಿಡುತ್ತೆ. ನಮಗೆ ಗಂಟಲು ಕೆರೆಯುತ್ತೆ, ಹಕ್ಕಿಗೆ ಜೀವವೇ ಹೋಗುತ್ತೆ. ಬೇಗ ಕಿಟಕಿ ತೆಗೆದ್ರಿ ತಾನೇ?"

"ತೆಗೆದಿದ್ರೆ?"

"ಉಳೀತಿದ್ವು ಅಂತ ಪ್ರಮಾಣ ಮಾಡಿ ಹೇಳೋಕಾಗಲ್ಲ. ಆದ್ರೆ ಇದ್ದ ದಾರಿ ಅದೊಂದೇ. ಒಂದು ಬಿದ್ದ ಕೂಡಲೇ ಯಾಕೆ ಬಿತ್ತು, ಯಾರಿಂದ ಬಿತ್ತು ಅಂತ ನಿಲ್ಲಬಾರ್ದು. ಬಾಗಿಲು, ಕಿಟಕಿ ತೆಗೆದು, ಉಳಿದವನ್ನ ಪಂಜರ ಸಮೇತ ಹೊರಗಿನ ಗಾಳಿಗೆ ಒಯ್ಯಬೇಕು. ಬೆಚ್ಚಗೆ, ಗಲಾಟೆ ಇಲ್ಲದ ಹಾಗೆ ಇಟ್ಕೊಂಡು ನಮ್ಮ ಹತ್ರ ಓಡಿ ಬರಬೇಕು. ಸತ್ತದ್ದನ್ನ ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ, ನಾನೇ ಕೊಯ್ದು ಕಾರಣ ನೋಡ್ತೀನಿ. ಒಂದೊಂದ್ಸಲ ಒಳಗೊಳಗೇ ಕಾಯಿಲೆ ಇರುತ್ತೆ, ಹಕ್ಕಿ ತೋರಿಸ್ಕೊಳ್ಳಲ್ಲ. ಒಂದೊಂದ್ಸಲ ಬೆದರಿ ಸಾಯುತ್ತೆ. ಬರೀ ಊಹೆ ಮೇಲೆ ಯಾರನ್ನೂ ದೂರಬಾರ್ದು."

ಫೋನು ಯಾವಾಗ ಕಟ್ಟಾಯಿತೋ. ವೈದ್ಯೆ ಹೇಳಿದ್ದಷ್ಟನ್ನೂ ಅವಳು ತಿರುವುಮುರುವು ಮಾಡಿದ್ದಳು. ಎರಡು ಜೀವ ಗಾಳಿಗಾಗಿ ಬಾಯಿ ಬಿಡುತ್ತಿದ್ದಾಗ ಇದ್ದಬದ್ದ ಗಾಳಿಗೂ ಚಿಲಕ ಹಾಕಿ, ಬೀಗ ಜಡಿದು, ಏನೂ ಅರಿಯದ ಮುದುಕನ ಬೆರಳು ಮುರಿಯಲು ಹೋಗಿದ್ದಳು. ಆ ಬೆರಳುಗಳಿಂದ ಅವನು ಇನ್ನೊಂದು ಸ್ಪ್ರಿಂಗು ಕೂರಿಸುವುದು ಅಷ್ಟರಲ್ಲೇ ಇತ್ತು. ಕೋಳಿಯಕ್ಕನಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು. ಅದರ ಬೆನ್ನಿಗೇ, ನಾಚಿಕೆಯಿಲ್ಲದೆ, ಇನ್ನೊಂದು ಯೋಚನೆಯೂ ಹುಟ್ಟಿತು: ಕೊಯ್ದ ಹಕ್ಕಿಯನ್ನು ಕಸಕ್ಕೆ ಹಾಕಿದರೆ, ತವಾ ತಿಕ್ಕಿಟ್ಟರೆ, ವಿಷ ಹಾಕಿದವನು ಗಡಿಯಾರದವನೇ ಆಗಿ ಉಳಿಯುತ್ತಾನೆ. ತಂಗಿ ಉಳಿಯುತ್ತಾಳೆ.

ತಂಗಿ ಎಂದಿಗಿಂತ ಮೊದಲೇ ಓಡುತ್ತ ಬಂದಳು. ಮೆಟ್ಟಿಲ ಮೇಲೇ ಎಲ್ಲವನ್ನೂ ಕೇಳಿಸಿಕೊಂಡು ಬಂದಿದ್ದಳು. ಪಂಜರ ನೋಡಿದಳು, ಟವೆಲಿನ ಮೇಲೆ ಮಲಗಿಸಿದ್ದ ನೀಲಿಯದನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಕೋಳಿಯಕ್ಕ ಹೊರಟುಹೋಗುವ ಮಾತಿಗಾಗಿ ಕಾದು ನಿಂತಳು. ಬಂದದ್ದು ಬೇರೆಯೇ ಮಾತು.

"ಒಳ್ಳೇದ್ ಮಾಡಿದೆ ಅಕ್ಕ."

"ಏನು?"

"ಕೈ ಮುರಿದ್ಯಂತಲ್ಲ, ಒಳ್ಳೇದಾಯ್ತು. ಎರಡೂ ಮುರಿಬೇಕಿತ್ತು. ಕಣ್ಣು ಕೀಳಬೇಕಿತ್ತು ಅವನದು." ಆ ಮೆಲು ದನಿ ಹಲ್ಲಿನ ನಡುವಿನಿಂದ ಬರುತ್ತಿತ್ತು. "ನಾನು ಇದ್ದಿದ್ರೆ ಸಾಯಿಸ್ತಿದ್ದೆ."

ಮನೆಯಲ್ಲಿ ಈ ದನಿಯನ್ನು ಕೋಳಿಯಕ್ಕ ಅಪ್ಪನ ಬಾಯಲ್ಲಿ ಕೇಳಿದ್ದಳು, ತಂಗಿಯ ಬಾಯಲ್ಲಿ ಅಲ್ಲ. ಅವಳಿಗೆ ಭಯವಾಯಿತು. ಗಂಡಸರ ಗುಂಪಿಗೆ ಹೆದರದವಳು ಆ ಸಣ್ಣ ಹುಡುಗಿಯ ಮುಂದೆ ಹೆದರಿ ಗೋಡೆಗೆ ಒರಗಿದಳು.

"ಅವನು ಏನೂ ಹಾಕಿಲ್ಲ ಕಣೇ. ನಾನೇ. ತವಾ ಖಾಲಿ ಕಾಯಿಸಿದ್ದೆ. ಅದರ ಗಾಳಿ. ಡಾಕ್ಟ್ರಮ್ಮ ಹೇಳಿದ್ರು, ನಾನೂ ಕೊಯ್ದು ನೋಡ್ದೆ."

ತಂಗಿ ಹಲಗೆಯ ಕಡೆ ನೋಡಿದಳು. "ನೀನು ಕೆಳಗೆ ಹೋಗುವಾಗ ಎಷ್ಟು ಬದುಕಿದ್ವು?"

"ಎರಡು. ನೀಲಿಯದೂ ಇತ್ತು."

"ಕಿಟಕಿ ತೆಗೆದಿತ್ತಾ?"

"ತೆಗೆದೇ ಇತ್ತು. ನಾನು ಮುಚ್ಚಿದೆ. ಬೀಗ ಹಾಕ್ಕೊಂಡು ಹೊಡೆಯೋಕೆ ಹೋದೆ."

ತಂಗಿ ನೀಲಿ ಹಕ್ಕಿಯನ್ನು ಮೆಲ್ಲಗೆ ಟವೆಲಿನ ಮೇಲೆ ಇಟ್ಟಳು. ಎದ್ದು ಬಂದು ಅಕ್ಕನ ಕೆನ್ನೆಗೆ ಹೊಡೆದಳು. ಅಂಗೈಯಿಂದ ಒಂದು, ಹಿಂಗೈಯಿಂದ ಒಂದು, ಆಮೇಲೆ ಮುಷ್ಟಿ ಕಟ್ಟಿ ಬಾಯಿಗೆ. ಕೂದಲು ಹಿಡಿದು ತಲೆಯನ್ನು ಗೋಡೆಗೆ ಬಡಿದಳು. ಕಾಲರು ಹೊಲಿಯುವ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ. ಕೋಳಿಯಕ್ಕನ ಎರಡೂ ಕೈ ಪಕ್ಕದಲ್ಲಿ ಇಳಿಬಿದ್ದಿದ್ದವು. ಒಂದೇ ಹಿಡಿತಕ್ಕೆ ಆ ಮಣಿಕಟ್ಟನ್ನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ತುಟಿ ಒಡೆದು ರಕ್ತ ಗಲ್ಲಕ್ಕೆ ಇಳಿಯಿತು.

ತಂಗಿಯೇ ನಿಂತಳು. ಏದುಸಿರು ಬಿಡುತ್ತ, ಕೆಂಪಾದ ತನ್ನ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಅಕ್ಕಾ," ಎಂದಳು. "ನಂಗೂ ಬಂತಲ್ಲ ಅಕ್ಕಾ."

ಅಪ್ಪ ಸತ್ತಾಗ ಅಳದ, ಅಮ್ಮ ಸತ್ತಾಗಲೂ ಹಲ್ಲು ಕಚ್ಚಿ ನಿಂತಿದ್ದ ಕೋಳಿಯಕ್ಕ ಆಗ ಅತ್ತಳು. ಬಾಯಲ್ಲಿ ರಕ್ತ ತುಂಬಿಕೊಂಡೇ ದೊಡ್ಡ ದನಿ ತೆಗೆದು ಅತ್ತಳು. ಕೆಳಗೆ ಪೊಲೀಸರು ಬಂದ ಸದ್ದು ಕೇಳಿತು, ಯಾರೋ ಅವರಿಗೆ ಮೇಲಿನ ಮನೆಯ ದಾರಿ ಹೇಳುತ್ತಿದ್ದರು.